ನವ್ವಾಫ್ ಸಾಗಿಸಿದ ಮನೆ

ನಮ್ಮ ಝಾತರಿ ನಿರಾಶ್ರಿತರ ಶಿಬಿರದಲ್ಲಿ ಮನೆ ಸಾಗಿಸುವವನೆಂದರೆ ನವ್ವಾಫ್. ಬೇಲಿಯ ಕಬ್ಬಿಣದ ಕಂಬಗಳನ್ನು ಬೆಸೆದು, ಕೆಳಗೆ ಚಕ್ರ ಕೂರಿಸಿ ಗಾಡಿ ಮಾಡಿಕೊಂಡಿದ್ದ. ಯುದ್ಧಕ್ಕೆ ಹೆದರಿ ಸಿರಿಯಾ ಬಿಟ್ಟು ಬಂದ ನಮಗೆ ಕೊಟ್ಟಿದ್ದ ತಗಡಿನ ಮನೆಗಳು ಅಷ್ಟು ಹಗುರ. ಬೀದಿಯ ಗಂಡಸರು ಕೈಹಚ್ಚಿದರೆ ಗಾಡಿ ಏರಿಬಿಡುತ್ತಿದ್ದವು. ಮದುವೆಯಾದರೆ ಮನೆ ಗಂಡಿನ ಅಪ್ಪನ ಅಂಗಳಕ್ಕೆ, ಜಗಳವಾದರೆ ಬೇರೆ ಬೀದಿಗೆ.

"ಊರಲ್ಲಿ ಕಲ್ಲಿನ ಮನೆ ಕಟ್ಟಿ ಏನ್ ಬಂತು? ಇದಾದ್ರೆ ಮುನಿಸ್ಕೊಂಡಾಗ ಮನೆ ಸಮೇತ ಎದ್ದು ಹೋಗ್ಬೋದು," ಎನ್ನುತ್ತಿದ್ದ. ಜಂಬವೋ ಜಂಬ.

ಸಿರಿಯಾದ ಸೆರೆಮನೆಯಲ್ಲಿದ್ದ ರಸ್ಲಾನನ ತಾಯಿಯನ್ನು ನಾವೆಲ್ಲ ಕರೆಯುವುದು ಉಮ್ ರಸ್ಲಾನ್ ಎಂದೇ. ಮಗಳ ಕಾಲಿನ ಆಪರೇಷನ್ನಿಗೆ ಅವಳು ಅಮ್ಮಾನ್ ನಗರಕ್ಕೆ ಹೋಗಿದ್ದಾಗ, ನವ್ವಾಫ್ ಧೂಳಿನ ದೊಡ್ಡ ರಸ್ತೆಯಿಂದ ಅವಳ ಮನೆ ಎತ್ತಿ ಆಕೆಯ ತಂಗಿಯ ಮನೆಯ ಪಕ್ಕ ತಂದಿಟ್ಟ. ಕೇಳಲಿಲ್ಲ, ಬಂದವಳು ಖುಷಿಪಡಲಿ ಎಂಬ ಆಸೆ. ಖುಷಿಪಟ್ಟಳು ಕೂಡ, ದಿನಾ ಕರೆದು ಕಾಫಿ ಕೊಟ್ಟಳು. ಆದರೆ ಮನೆ ಎಲ್ಲಿಗೆ ಹೋಯಿತೆಂದು ಹಳೆಯ ಬೀದಿಯವರಿಗೆ ಹೇಳುವುದನ್ನು ಈ ಪುಣ್ಯಾತ್ಮ ಮರೆತಿದ್ದ.

ತಿಂಗಳ ಮೇಲೆ ಆ ಬೀದಿಯ ಚಹಾದವನು ನವ್ವಾಫನಿಗೆ ಸಂಗತಿ ಹೇಳಿದ. ಅವಳು ಅಮ್ಮಾನಿನಲ್ಲಿದ್ದಾಗ, ಸೆರೆಮನೆಯಿಂದ ಬಿಡುಗಡೆಯಾದ ರಸ್ಲಾನ್ ಗಡಿ ದಾಟಿ ಬಂದಿದ್ದನಂತೆ. ಖಾಲಿ ನೆಲ ನೋಡಿ, ಅಮ್ಮ ಊರಿಗೆ ಮರಳಿದಳೆಂದು ತಿಳಿದು, ಸಿರಿಯಾಕ್ಕೆ ವಾಪಸು ಹೋಗುವ ಬಸ್ಸು ಹತ್ತಿದನಂತೆ. ಆ ಬಸ್ಸು ಹತ್ತಿದವರನ್ನು ಮತ್ತೆ ಈ ಕಡೆಗೆ ಬಿಡುವುದಿಲ್ಲ.

ನವ್ವಾಫ್ ನನ್ನ ಹತ್ತಿರ ಬಂದು ಎಲ್ಲ ಹೇಳಿಕೊಂಡ. "ಹೇಳಿಬಿಡೋ ಹೇಡಿ," ಎಂದು ನಾನು ಬೈದೆ.

"ಹ್ಯಾಗ್ ಹೇಳ್ಲಿ? ಮಗ ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ಕೂತಿದಾಳೆ."

ಕೊನೆಗೆ ನನ್ನನ್ನೂ ಎಳೆದುಕೊಂಡು ಹೋದ. ಅವಳು ಬಾಗಿಲ ಮುಂದೆ ಚಾಪೆ ಹಾಸಿ ಕಾಫಿ ಬಗ್ಗಿಸಿ ಕೊಟ್ಟಳು. ನವ್ವಾಫ್ ಕುಡಿಯದೆ ಬಟ್ಟಲನ್ನು ಕೆಳಗಿಟ್ಟ. ನಮ್ಮಲ್ಲಿ ಹಾಗೆ ಇಟ್ಟರೆ, ಏನೋ ಬೇಡಲು ಬಂದಿದ್ದೇನೆ, ಕೊಡುತ್ತೇನೆಂದರೆ ಮಾತ್ರ ಕುಡಿಯುತ್ತೇನೆ ಎಂದರ್ಥ.

ಅವಳು ಮಗಳ ಕಡೆ ನೋಡಿ ನಕ್ಕಳು. "ಹೆಣ್ಣು ಕೇಳೋಕೆ ಬಂದಿದೀಯೇನೋ ಕಳ್ಳ? ಕುಡಿ, ಏನ್ ಕೇಳಿದ್ರೂ ಕೊಟ್ಟೆ."

"ನಿನ್ನ ಕ್ಷಮೆ ಬೇಕು, ಚಿಕ್ಕಮ್ಮ," ಎಂದು ಎಲ್ಲ ಹೇಳಿದ.

ಅವಳ ಮುಖ ನೋಡಲಾಗಲಿಲ್ಲ. ಬಟ್ಟಲನ್ನು ಅವನ ಕಡೆ ತಳ್ಳಿ, "ಕೊಟ್ಟೆ ಅಂದಾಗಿದೆ. ಕುಡಿ," ಎಂದಳು. ಅವನು ಕುಡಿದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ದಾರಿಯಲ್ಲಿ ನವ್ವಾಫ್ ಅಳುತ್ತ ನಿಂತುಬಿಟ್ಟ. "ಮೊದ್ಲು ವಿಷಯ ಹೇಳಿ ಆಮೇಲೆ ಕೇಳ್ಬೇಕಿತ್ತು ಕಣೋ. ಅವಳ ಮಗನ್ನ ಕಳೆದೆ. ಈಗ ನನ್ನ ಬೈಯೋ ಹಕ್ಕನ್ನೂ ಕಿತ್ಕೊಂಡು ಬಂದೆ."