ಅಗಸಿ ಎಣ್ಣೆಯ ಗುಳಿಗೆ

ನಮ್ಮವ್ವನಿಗೆ ಫಿಟ್ಸ್ ಶುರುವಾದದ್ದು ಅರವತ್ತು ದಾಟಿದ ಮೇಲೆ. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಕೈ ನಿಲ್ಲುತ್ತಿತ್ತು, ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿದ್ದವು, ಆಮೇಲೆ ಮೈಯೆಲ್ಲ ಜಗ್ಗಾಡುತ್ತಿತ್ತು. ಒಮ್ಮೆ ಕಾದ ಹಂಚಿನ ಮೇಲೆ ಕೈಯೂರಿ ಬಿದ್ದಳು. ಅಂದಿನಿಂದ ಯಡ್ರಾವದಲ್ಲಿ ನನ್ನ ಪವರ್‌ಲೂಮ್‌ಗಳ ಗದ್ದಲದ ನಡುವೆ ಇಚಲಕರಂಜಿಯ ಮನೆಯಿಂದ ಫೋನು ಬಂದರೆ ಸಾಕು, ಕೆಲಸ ಬಿಟ್ಟು ಓಡುತ್ತಿದ್ದೆ.

ಕೊಲ್ಹಾಪುರದ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಫಿಟ್ಸ್ ಕಡಿಮೆಯಾದವು, ನಿಲ್ಲಲಿಲ್ಲ. ನಾನು ತಾಳ್ಮೆಯ ಮನುಷ್ಯನಲ್ಲ. ಮೊಬೈಲ್ ಹಿಡಿದು ಕೂತು, ಜಗತ್ತಿನ ವಿಟಮಿನ್ನು, ಪುಡಿ, ಎಣ್ಣೆಗಳನ್ನೆಲ್ಲ ಓದಿ ಅರ್ಧ ಡಾಕ್ಟರಾದೆ. ಮೀನೆಣ್ಣೆಯ ಕ್ಯಾಪ್ಸೂಲಿನಿಂದ ಕೆಲವರಿಗೆ ಉಪಯೋಗವಾಗಬಹುದು ಎಂದು ಎಲ್ಲೋ ಕಂಡಿತು. ಡಾಕ್ಟರನ್ನು ಕೇಳಿದೆ. ಅದರಿಂದ ಗುಣವಾಗುತ್ತದೆಂಬ ಖಾತ್ರಿ ಇಲ್ಲ, ಕೊಡುವುದಾದರೆ ಕೊಡಿ, ಆದರೆ ನನ್ನ ಗುಳಿಗೆ ಒಂದು ದಿನವೂ ತಪ್ಪಬಾರದು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ತಮ್ಮ ಗುಳಿಗೆಯ ಪ್ರಮಾಣವನ್ನೂ ಅಂದೇ ಸ್ವಲ್ಪ ಏರಿಸಿದರು. ಖಾತ್ರಿ ಇಲ್ಲ ಅಂದದ್ದು ನನ್ನ ತಲೆಗೆ ಹೋಗಲೇ ಇಲ್ಲ. ಕೊಡಿ ಅಂದದ್ದಷ್ಟೇ ಹೋಯಿತು.

ನಾವು ಲಿಂಗಾಯತರು. ಅವ್ವ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಲ್ಲಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಹನಿ ನೀರು ಮುಟ್ಟುವವಳಲ್ಲ. ತತ್ತಿ ಹಾಕಿದ ಕೇಕನ್ನು ಮೊಮ್ಮಗಳ ಕೈಯಿಂದ ಕಸಿದು ಎಸೆದವಳು. ಅವಳ ಮುಂದೆ ಮೀನಿನ ಹೆಸರೆತ್ತುವುದುಂಟೇ? ಡಬ್ಬಿಯನ್ನು ಬಿಸಿನೀರಿನಲ್ಲಿ ನೆನೆಸಿ, ಮೇಲಿನ ಮೀನಿನ ಚಿತ್ರ ಕೆರೆದು ತೆಗೆದೆ. ಹೆಂಡತಿಗೂ ಹೇಳಲಿಲ್ಲ.

"ಏನೋ ಇದು, ಬಂಗಾರದಂಗ ಹೊಳೀತೈತಿ?" ಎಂದಳು ಅವ್ವ.

"ಅಗಸಿ ಎಣ್ಣಿ ಗುಳಿಗಿ ಯವ್ವಾ."

ಅಗಸಿ ಚಟ್ನಿಯಿಲ್ಲದೆ ರೊಟ್ಟಿ ಮುರಿಯದವಳಿಗೆ ಸಂಶಯ ಎಲ್ಲಿಂದ ಬರಬೇಕು! ದಿನಾ ಪೂಜೆ ಮುಗಿಸಿ ಪಾದೋದಕದ ಜೊತೆಗೇ ಅದನ್ನು ನುಂಗತೊಡಗಿದಳು. ನನಗೆ ನೋಡಲಾಗುತ್ತಿರಲಿಲ್ಲ. ಆ ಹೊತ್ತಿಗೆ ಏನಾದರೊಂದು ನೆಪ ತೆಗೆದು ಮನೆಯಿಂದ ಹೊರಬೀಳುತ್ತಿದ್ದೆ.

ಫಿಟ್ಸ್ ನಿಂತವು. ಡಾಕ್ಟರು ಗುಳಿಗೆ ಏರಿಸಿದ್ದಕ್ಕೋ, ಮೀನೆಣ್ಣೆಗೋ, ಯಾರಿಗೆ ಗೊತ್ತು. ಅವ್ವ ಮಾತ್ರ ಶಿವ ಕಣ್ಣು ತೆರೆದ ಎಂದು ಬಂದವರಿಗೆಲ್ಲ ಹೇಳಿದಳು. ಅವಳ ಮುಖ ಅರಳಿದಷ್ಟೂ ನಾನು ಅವಳ ಕಣ್ಣು ತಪ್ಪಿಸತೊಡಗಿದೆ.

ಶ್ರಾವಣದಲ್ಲಿ ಗಡಹಿಂಗ್ಲಜದಿಂದ ಅವ್ವನ ತವರಿನ ಅಯ್ಯನವರು ಪಾದಪೂಜೆಗೆ ಬಂದರು. ವಯಸ್ಸಾದ ಜಂಗಮರು, ಕೈ ನಡುಗುತ್ತಿದ್ದವು. ಅವ್ವನಿಗೆ ಕರುಳು ಚುರ್ ಎಂದಿರಬೇಕು. ಒಳಗಿನಿಂದ ಡಬ್ಬಿ ತಂದವಳೇ ಅವರ ಅಂಗೈಗೆ ಕ್ಯಾಪ್ಸೂಲು ಸುರಿದಳು.

"ತಗೋರಿ ಅಯ್ಯನವರ, ಅಗಸಿ ಎಣ್ಣಿದೈತಿ. ನನಗ ಭಾಳ ಗುಣ ಆಗೈತ್ರಿ."

ಅವರು ಒಂದನ್ನು ಬಾಯಿಯ ಹತ್ತಿರ ಒಯ್ದರು.

"ಬ್ಯಾಡ್ರಿ! ಅದು ಮೀನಿನ ಎಣ್ಣಿ ಐತ್ರಿ!" ನಾನು ಚೀರಿಬಿಟ್ಟೆ.

ಅಯ್ಯನವರು ಕ್ಯಾಪ್ಸೂಲುಗಳನ್ನು ತಟ್ಟೆಯಲ್ಲಿಟ್ಟು ಕೈ ತೊಳೆದುಕೊಂಡರು. "ಔಷಧ ಅಂದಮ್ಯಾಲ ಔಷಧ, ತಾಯಿ. ಮನಸಿಗೆ ಹಚ್ಚಿಕೋಬ್ಯಾಡ್ರಿ," ಎಂದರು. ಅವ್ವ ಅವರಿಗೆ ಊಟ ಬಡಿಸಿ, ಕಾಲಿಗೆ ಬಿದ್ದು ಕಳಿಸಿಕೊಟ್ಟಳು. ಆಮೇಲೆ ಮತ್ತೆ ಜಳಕ ಮಾಡಿ ಬಂದು, ಒದ್ದೆ ಕೂದಲಲ್ಲೇ ನನ್ನ ಎದುರು ಕೂತಳು.

"ಅವರು ಬಾಯಿಗೆ ಹಾಕ್ಕೊಳ್ಳೂದ್ರಾಗ ಹೇಳಿದಿ. ನನಗ್ಯಾಕ ಹೇಳಲಿಲ್ಲೋ?"

ಹೇಳಿದ್ದರೆ ಬೇಡ ಅನ್ನುತ್ತಿದ್ದಳು, ಅದಕ್ಕೇ ಹೇಳಿರಲಿಲ್ಲ. "ನೀ ಆರಾಮ ಆಗಬೇಕಿತ್ತಲ್ಲ ಯವ್ವಾ," ಎಂದೆ. ಅದು ಉತ್ತರವಲ್ಲ ಎಂಬುದು ನನಗೇ ಗೊತ್ತಿತ್ತು. ಅಯ್ಯನವರ ವ್ರತಕ್ಕೆ ಹೆದರಿದವನು ಹೆತ್ತವ್ವನ ವ್ರತವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ಮೀನೆಣ್ಣೆ ಅಂದೇ ಬಿಟ್ಟೆವು. ಫಿಟ್ಸ್ ಇದುವರೆಗೆ ಮರಳಿಲ್ಲ. ಡಾಕ್ಟರ ಗುಳಿಗೆಯೊಂದೇ ಸಾಕಿತ್ತೋ ಏನೋ. ಅದನ್ನು ನಾನು ಕೊಡಲು ಹೋದರೆ ಅವ್ವ, "ಇದು ಯಾತರದು?" ಎಂದು ಕೇಳುತ್ತಾಳೆ. ಹೇಳುತ್ತೇನೆ. ಅವಳು ಸೊಸೆಯ ಮುಖ ನೋಡುತ್ತಾಳೆ. ಸೊಸೆ ಹೌದು ಎಂದು ತಲೆಯಾಡಿಸಿದ ಮೇಲೆಯೇ ಬಾಯಿಗೆ ಹಾಕಿಕೊಳ್ಳುತ್ತಾಳೆ.