ನಿದ್ರೆ: ಶ್ರೀ ಹುಚ್ಚರಾಯಪ್ಪನವರು

ಹುಚ್ಚರಾಯಪ್ಪನವರು ತೀರ್ಥೇಶನನ್ನು ಮೊದಲ ಸಲ ನೋಡಿದ್ದು ಕೆಳಗಿನಿಂದ. ಹೋದ ಬೇಸಿಗೆಯ ಒಂದು ಭಾನುವಾರ, ಊಟವಾದ ಮೇಲೆ. ಶಿಕಾರಿಪುರದ ತಮ್ಮ ಮನೆಯ ಹಿತ್ತಲಲ್ಲಿ, ಕಾಂಪೌಂಡ್ ಗೋಡೆಯ ನೆರಳಿಗೆ ನವಾರದ ಮಂಚ ಎಳೆದುಕೊಂಡು, ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗಿದ್ದರು. ತಲೆಯ ಹತ್ತಿರ ನೀರಿನ ತಂಬಿಗೆ, ಕಾಲ ಹತ್ತಿರ ಚಪ್ಪಲಿ. ಸ್ವಲ್ಪ ಆಚೆ ಹೆಂಡತಿ ರಾಜೇಶ್ವರಮ್ಮ ಹಳೇ ಸೀರೆಯ ಮೇಲೆ ಶಾವಿಗೆ ಒಣಗಲು ಹಾಕಿದ್ದರು. ಗೋಡೆಯ ಮೇಲೆ ಏನೋ ಕೆರೆದ ಸದ್ದಾಯಿತು. ಟವೆಲ್ಲು ಸರಿಸಿ ನೋಡಿದರೆ ಆಕಾಶದಲ್ಲಿ ಎರಡು ಬೂಟುಗಳು. ಒಂದರ ತಳ ಕಿತ್ತುಹೋಗಿ ದಪ್ಪ ನೂಲಿನಲ್ಲಿ ಹೊಲಿದಿತ್ತು. ಆ ಹೊಲಿಗೆ ಕಾಣುವಷ್ಟು ಹೊತ್ತು ಬೂಟುಗಳು ಅಲ್ಲೇ ನಿಂತಿದ್ದವು ಎಂದು ಅವರು ಈಗಲೂ ಹೇಳುತ್ತಾರೆ. ಆಮೇಲೆ ಬೂಟುಗಳ ಹಿಂದೆಯೇ ಒಬ್ಬ ತೆಳ್ಳಗಿನ ಯುವಕ ಬಂದು, ಮಂಚಕ್ಕೂ ತಂಬಿಗೆಗೂ ನಡುವೆ ಇಳಿದು, ಒಂದು ಲಾಗ ಹೊಡೆದು, ಶಾವಿಗೆಯ ಅಂಚಿನಲ್ಲಿ ಎದ್ದು ನಿಂತು ಕೈ ಮುಗಿದ.

"ಯಾರೋ ನೀನು?"

"ತೀರ್ಥೇಶ್ ಅಂತ ರೀ. ಜಡೆಯವನು."

"ಜಡೆಯಿಂದ ಹಾರ್ಕೊಂಡೇ ಬಂದ್ಯಾ?"

"ಇಲ್ಲ ರೀ. ಸೊರಬದ ತನಕ ಒಂದು ಬಸ್ಸು, ಅಲ್ಲಿಂದ ಇಲ್ಲಿಗೊಂದು ಬಸ್ಸು."

"ಬಸ್ಸಿಗೆ ಬಂದೋನು ಗೇಟಿಗೂ ಬರಬಹುದಿತ್ತಲ್ಲ ತಮ್ಮಾ. ಆ ಕಡೆ ಐತಿ. ಬೀಗನೂ ಹಾಕಿಲ್ಲ."

"ಗೇಟು ಇರೋದು ಗೊತ್ತಿತ್ತು ರೀ," ಎಂದ ತೀರ್ಥೇಶ ವಿನಯದಿಂದ. "ಅದಕ್ಕೇ ಈ ಕಡೆಯಿಂದ ಬಂದದ್ದು."

ಅವನು ಊರಿನ ಒಂದು ಖಾಸಗಿ ಶಾಲೆಯಲ್ಲಿ ತಾತ್ಕಾಲಿಕ ಪಿಟಿ ಮೇಷ್ಟ್ರು. ಭಾನುವಾರ ಗೋಡೆಯಾಚೆಯ ಖಾಲಿ ಸೈಟಿನಲ್ಲಿ ಮಕ್ಕಳಿಗೆ ಪಾರ್ಕೂರ್ ಕಲಿಸಬೇಕೆಂದು ಜಾಗ ನೋಡಲು ಬಂದಿದ್ದ. ಪಾರ್ಕೂರ್ ಎಂದರೆ ಗೋಡೆ, ಕಟ್ಟೆ, ಮೆಟ್ಟಿಲು, ಏನೇ ಅಡ್ಡ ಬಂದರೂ ನಿಲ್ಲದೆ ದಾಟಿಕೊಂಡು ಹೋಗುವ ವಿದ್ಯೆ ಎಂದು ವಿವರಿಸಿದ. ಹುಚ್ಚರಾಯಪ್ಪನವರು ಬಹಳ ಹೊತ್ತು ಯೋಚಿಸಿ, "ಹಂಗಾದ್ರೆ ನಮ್ಮೂರಿನ ದನಗಳಿಗೆಲ್ಲಾ ಬರ್ತತಿ ಅದು," ಎಂದು ಮತ್ತೆ ಟವೆಲ್ಲು ಹೊದ್ದರು.

ಅವರ ಆಯುಷ್ಯವೆಲ್ಲ ಮಾರುಕಟ್ಟೆ ಯಾರ್ಡಿನ ಮೆಕ್ಕೆಜೋಳದ ವ್ಯಾಪಾರದಲ್ಲಿ ಕಳೆದಿತ್ತು. ಹರಾಜಿನ ಕೂಗು, ಲಾರಿ ಹಾರ್ನು, ಹಮಾಲರ ಜಗಳ, ಇವುಗಳ ನಡುವೆ ಕೂತು ಕೂತು ಅವರು ಜೀವನದಲ್ಲಿ ಒಂದೇ ಒಂದು ಆಸೆ ಇಟ್ಟುಕೊಂಡಿದ್ದರು: ಅಂಗಡಿ ಮಗನ ಕೈಗೆ ಕೊಟ್ಟ ಮೇಲೆ ಭಾನುವಾರ ಮಧ್ಯಾಹ್ನ ಯಾರ ಕಾಟವೂ ಇಲ್ಲದೆ ಮಲಗುವುದು. ಅಂಗಡಿ ಕೊಟ್ಟರು. ಮಂಚಕ್ಕೆ ಹೊಸ ನವಾರ ಹಾಕಿಸಿದರು. ಅಷ್ಟರಲ್ಲಿ ಗೋಡೆಯಾಚೆಯಿಂದ ಮಕ್ಕಳು ಉದುರತೊಡಗಿದರು.

ಧೊಪ್ ಎಂದು ಬೀಳುವವರು, ಬಿದ್ದು ನಗುವವರು, ಬಿದ್ದು ಅಳುವವರು. ಹುಚ್ಚರಾಯಪ್ಪನವರು ಪ್ರತಿ ಸಲ ಎದ್ದು ಬೈದರು. ತೀರ್ಥೇಶ ಬೈಗುಳವನ್ನು ಶ್ರದ್ಧೆಯಿಂದ ಕೇಳಿಸಿಕೊಂಡು ಮಕ್ಕಳಿಗೆ ಹೇಳಿದ, "ನೋಡಿ, ಚೆನ್ನಾಗಿ ಇಳಿಯೋದು ಅಂದ್ರೆ ಸದ್ದಿಲ್ಲದೆ ಇಳಿಯೋದು. ಅಜ್ಜ ಬೈದರೆ ನೀವಿನ್ನೂ ಕಲೀಲಿಲ್ಲ ಅಂತ."

ಮಕ್ಕಳಲ್ಲಿ ಅಶ್ವಿನಿ ಎಂಬ ಹುಡುಗಿ ಇದನ್ನು ಮನಸ್ಸಿಗೆ ಹಚ್ಚಿಕೊಂಡಳು. ಹತ್ತಿರದಲ್ಲೇ ರವಿಕೆ ಹೊಲಿಯುವ ಮಮತಾಳ ಮಗಳು. ಉಳಿದವರು ಭಾನುವಾರ ಬಂದರೆ ಇವಳು ದಿನಾ ಬೆಳಿಗ್ಗೆ ಶಾಲೆಗೆ ಮೊದಲು ಬಂದು ಗೋಡೆ ಹಾರುತ್ತಿದ್ದಳು. ಇಳಿದ ಮೇಲೆ ಹಾಗೇ ಕುಕ್ಕರಗಾಲಲ್ಲಿ ಕೂತು, ಸದ್ದು ತಡವಾಗಿ ಬರಬಹುದೇನೋ ಎಂಬಂತೆ ಕಿವಿಗೊಟ್ಟು ಕೇಳುತ್ತಿದ್ದಳು. ತಲೆ ಅಡ್ಡಡ್ಡ ಆಡಿಸಿ ಮತ್ತೆ ಹತ್ತುತ್ತಿದ್ದಳು. ಹಲ್ಲುಜ್ಜುತ್ತಾ ನಿಂತ ಹುಚ್ಚರಾಯಪ್ಪನವರಿಗೆ ಅವಳನ್ನು ಬೈಯಲು ದಿನದಿಂದ ದಿನಕ್ಕೆ ಕಾರಣ ಕಡಿಮೆಯಾಗುತ್ತಾ ಬಂತು.

ತೊಂದರೆ ಬಂದದ್ದು ಕರಾಟೆಯಿಂದ. ಅದೇ ಬೀದಿಯ ಕರಾಟೆ ತರಗತಿಯಲ್ಲಿ ಮಕ್ಕಳಿಗೆ ಹಳದಿ ಬೆಲ್ಟು, ಹಸಿರು ಬೆಲ್ಟು ಎಂದು ಕೊಡುತ್ತಿದ್ದರು. ಪಾರ್ಕೂರಿನವರಿಗೆ ಏನೂ ಇಲ್ಲ. ಮಮತಾ ತೀರ್ಥೇಶನ ಎದುರು ನಿಂತು ಹೇಳಿಯೇಬಿಟ್ಟಳು: "ಮೇಷ್ಟ್ರೇ, ಇವಳು ಮುಂದೆ ಹೋಗಿದಾಳೋ ಅಲ್ಲೇ ಇದಾಳೋ ನಮಗೆ ಹೆಂಗೆ ಗೊತ್ತಾಗಬೇಕು? ಮೊಣಕಾಲು ತರಚಿರೋದು ಒಂದೇ ಕಾಣ್ತತಿ. ಯುಗಾದಿಯೊಳಗೆ ಏನಾದ್ರೂ ಪಾಸಾದಳು ಅಂತ ನಾಲ್ಕು ಜನರ ಮುಂದೆ ಹೇಳ್ರಿ. ಇಲ್ಲಾಂದ್ರೆ ಕರಾಟೆಗೆ ಹಾಕ್ತೀನಿ."

ಆ ವಾರವೆಲ್ಲ ಅಶ್ವಿನಿ ಹಾರುವ ಮೊದಲೇ ತಲೆ ಅಡ್ಡಡ್ಡ ಆಡಿಸುತ್ತಿದ್ದಳು.

ತೀರ್ಥೇಶ ಈ ಸಲ ಗೇಟಿನಿಂದಲೇ ಬಂದ. "ನೀವೇ ಪರೀಕ್ಷಕರಾಗ್ಬೇಕು ರೀ. ಏನೂ ಕೆಲಸ ಇಲ್ಲ. ಯಾವಾಗಿನ ಹಾಗೆ ಮಲಗಿರೋದು. ನಿಮಗೆ ಎಚ್ಚರ ಆಗದ ಹಾಗೆ ಯಾರು ದಾಟ್ತಾರೋ ಅವರು ಪಾಸು. ಎಚ್ಚರ ಆದ್ರೆ ಫೇಲು."

ಹುಚ್ಚರಾಯಪ್ಪನವರಿಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ವರ್ಷ ಅವರು ಮಾಡಿದ ಯಾವ ಕೆಲಸಕ್ಕೂ ಯಾರೂ ಅವರನ್ನು ಕರೆದು ಗೌರವಿಸಿರಲಿಲ್ಲ. ಪೋಷಕರೂ ಒಪ್ಪಿದರು. ಮಲಗಿದ ಪರೀಕ್ಷಕನಿಗೆ ಶಿಫಾರಸು ಮಾಡುವವರಿಲ್ಲ, ಅವನು ಜಾತಿ ನೋಡುವುದಿಲ್ಲ, ಮುಖ ನೋಡುವುದಿಲ್ಲ. ಇಂಥ ನಿಷ್ಪಕ್ಷಪಾತ ಪರೀಕ್ಷೆ ತಾಲ್ಲೂಕಿನಲ್ಲೇ ನಡೆದಿಲ್ಲ ಎಂದು ನಿವೃತ್ತ ಹೆಡ್‌ಮಾಸ್ಟರ್ ಗುರುಪ್ರಕಾಶ್ ಹೇಳಿದರು. ಅವರ ಮೊಮ್ಮಗ ಮಲ್ಲಿಕಾರ್ಜುನ್ ಕೂಡ ಹಾರುವವರ ಪೈಕಿ ಇದ್ದ. ಕಾರ್ಯಕ್ರಮದ ಹೊಣೆಯನ್ನು ಅವರೇ ವಹಿಸಿಕೊಂಡರು.

ಅಲ್ಲಿಗೆ ಕೆಟ್ಟಿತು. ಯುಗಾದಿಗೆ ಮೊದಲಿನ ಭಾನುವಾರ ಹುಚ್ಚರಾಯಪ್ಪನವರು ಊಟ ಮುಗಿಸಿ ಹಿತ್ತಲಿಗೆ ಬಂದರೆ ಶಾಮಿಯಾನ, ಮೈಕು, ಬಾಡಿಗೆ ಕುರ್ಚಿಗಳು. ಗೋಡೆಯ ಮೇಲೆ ಬ್ಯಾನರ್:

ಪಾರ್ಕೂರ್ ಪರೀಕ್ಷೆ ಹಾಗೂ ಪ್ರಶಸ್ತಿ ಪ್ರದಾನ ಸಮಾರಂಭ
ಸ್ವಾಗತ: ಶ್ರೀ ತೀರ್ಥೇಶ್
ಪ್ರಾಸ್ತಾವಿಕ ನುಡಿ: ಶ್ರೀ ಗುರುಪ್ರಕಾಶ್
ನಿದ್ರೆ: ಶ್ರೀ ಹುಚ್ಚರಾಯಪ್ಪನವರು, ಮೆಕ್ಕೆಜೋಳದ ವರ್ತಕರು

ಮಂಚಕ್ಕೆ ಸೇವಂತಿಗೆ ಹಾರ ಸುತ್ತಿದ್ದರು. ಅವರಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮಲಗಿಸಿದರು.

"ಪೇಟ ತೆಗೆದಿಟ್ಟು ಮಲಗ್ರಿ, ಕುತ್ತಿಗೆ ಹಿಡಿತತಿ," ಎಂದರು ರಾಜೇಶ್ವರಮ್ಮ.

"ಫೋಟೋ ಆಗಿಲ್ಲ ಅಮ್ಮಾ," ಎಂದ ಫೋಟೋದವನು.

ಗುರುಪ್ರಕಾಶ್ ನಿದ್ರೆಯ ಮಹತ್ವದ ಬಗ್ಗೆ ಮಾತಾಡಿದರು. ಬೇರೆ ಯಾವ ದಿನವಾಗಿದ್ದರೂ ಆ ಭಾಷಣಕ್ಕೆ ಹುಚ್ಚರಾಯಪ್ಪನವರು ಮಲಗುತ್ತಿದ್ದರು. ಆದರೆ ಪ್ರತಿ ವಾಕ್ಯಕ್ಕೂ 'ಮಾನ್ಯ ಹುಚ್ಚರಾಯಪ್ಪನವರು' ಎಂದು ತಮ್ಮ ಹೆಸರು ಕೇಳಿ ಕೇಳಿ ಕಣ್ಣು ಇನ್ನಷ್ಟು ತಿಳಿಯಾಯಿತು. ಭಾಷಣ ಮುಗಿದು ಎಲ್ಲರೂ ಮೌನವಾದರು. ಕುರ್ಚಿಗಳು ಮುಂದೆ ಬಾಗಿದವು.

"ಹತ್ತಿತಾ?" ಎಂದು ಯಾರೋ ಪಿಸುಗುಟ್ಟಿದರು.

"ಎಲ್ಲಿ, ರೆಪ್ಪೆ ಅಲ್ಲಾಡ್ತತಿ."

"ಅವರು ಗೊರಕೆ ಹೊಡೆದ್ರೇ ನಿದ್ದೆ," ಎಂದು ರಾಜೇಶ್ವರಮ್ಮನ ದನಿ ಕೇಳಿತು.

ಹುಚ್ಚರಾಯಪ್ಪನವರು ಶಾಲಿನೊಳಗೆ ಬೆವೆತರು. ಇಷ್ಟು ಜನ ತಮ್ಮ ನಿದ್ದೆಗಾಗಿ ಕಾದು ಕೂತಿದ್ದಾರೆ. ಶಾಮಿಯಾನಕ್ಕೆ ಬಾಡಿಗೆ ಕೊಟ್ಟಿದ್ದಾರೆ. ನಿದ್ದೆ ಬರಲಿಲ್ಲವೆಂದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲವೆಂದರೆ ಆ ಹುಡುಗಿ ಕರಾಟೆಗೆ. ಗೊರಕೆ ಹೊಡೆಯಲೇಬೇಕು. ಆದರೆ ತಮ್ಮ ಗೊರಕೆಯನ್ನು ಅವರು ಒಮ್ಮೆಯೂ ಕೇಳಿದವರಲ್ಲ. ಕೊನೆಗೆ ತೀರಿಹೋದ ತಂದೆಯ ಗೊರಕೆಯನ್ನು ನೆನಪು ಮಾಡಿಕೊಂಡು, ಮೊದಲು ಮೆಲ್ಲಗೆ, ಆಮೇಲೆ ಶಿಳ್ಳೆಯೊಂದಿಗೆ ಹೊಡೆಯತೊಡಗಿದರು. ತೀರ್ಥೇಶ ಹಸಿರು ಬಾವುಟ ಎತ್ತಿದ.

ಮೊದಲು ಕರುಣಾ ಎಂಬ ಹುಡುಗಿ. ಗೋಡೆಯ ಮೇಲಿನ ಹೆಂಚಿನ ಚೂರು ಸಮೇತ ಇಳಿದಳು. ಹುಚ್ಚರಾಯಪ್ಪನವರು ಹಲ್ಲು ಕಚ್ಚಿ ಗೊರಕೆ ಮುಂದುವರಿಸಿದರು. ಪಾಸು. ಜನ ಚಪ್ಪಾಳೆ ತಟ್ಟದೆ ಕೈಗಳನ್ನು ಗಾಳಿಯಲ್ಲಿ ಅಲ್ಲಾಡಿಸಿದರು. ಆಮೇಲೆ ಮಲ್ಲಿಕಾರ್ಜುನ್. ಅವನು ನೇರವಾಗಿ ಹಣ್ಣಿನ ಬುಟ್ಟಿಯೊಳಕ್ಕೇ ಬಿದ್ದ. ಸೇಬು ಮಂಚದಡಿ ಉರುಳಿದವು, ತಂಬಿಗೆ ಠಣ್ ಎಂದಿತು. ಹುಚ್ಚರಾಯಪ್ಪನವರ ಬಾಯಿಗೆ ಬೈಗುಳ ಬಂದುಬಿಟ್ಟಿತ್ತು. ಅದನ್ನು ಶಿಳ್ಳೆ ಮಾಡಿ ಹೊರಗೆ ಬಿಟ್ಟರು. ಪಾಸು.

ಕೊನೆಗೆ ಮೆಲ್ಲಗೆ ಅಶ್ವಿನಿಯ ಹೆಸರು ಕರೆದರು. ಹುಚ್ಚರಾಯಪ್ಪನವರು ಗೊರಕೆ ಸಣ್ಣದು ಮಾಡಿ ಕಾದರು. ಏನೂ ಇಲ್ಲ. ಇನ್ನೂ ಕಾದರು. ಏನೂ ಇಲ್ಲ. ಹುಡುಗಿ ಹೆದರಿಕೊಂಡಳೇ? ಗೋಡೆಯಾಚೆಗೇ ಬಿದ್ದಳೇ? ಅವ್ವ ಎಳೆದುಕೊಂಡು ಹೋದಳೇ? ತಡೆಯಲಾಗದೆ ಎದ್ದು ಕೂತು, "ಯಾಕವ್ವಾ, ಹಾರಲ್ಲೇನು?" ಎಂದರು.

ಅಶ್ವಿನಿ ಮಂಚದ ಕಾಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟು ಕೇಳುತ್ತಿದ್ದಳು.

ಗುರುಪ್ರಕಾಶ್ ಮೈಕು ಹಿಡಿದರು. "ಮಾನ್ಯ ಪರೀಕ್ಷಕರಿಗೆ ಎಚ್ಚರವಾಗಿದೆ. ನಿಯಮದ ಪ್ರಕಾರ ಅಶ್ವಿನಿ ಅನುತ್ತೀರ್ಣ."

ಮಮತಾ ಚೀಲ ಹೆಗಲಿಗೇರಿಸಿದಳು. ಅಶ್ವಿನಿ ಕೂತಲ್ಲಿಂದ ಏಳಲಿಲ್ಲ. ಹುಚ್ಚರಾಯಪ್ಪನವರು ಅವಳನ್ನು ನೋಡಿದರು, ಶಾಲು ನೋಡಿದರು, ಬ್ಯಾನರಿನಲ್ಲಿ ತಮ್ಮ ಹೆಸರು ನೋಡಿದರು.

"ನಂಗೆ ನಿದ್ದೆನೇ ಬಂದಿರ್ಲಿಲ್ಲ," ಎಂದರು. "ಸುಳ್ಳೇ ಮಲಗಿದ್ದೆ. ಎಲ್ಲರದ್ದೂ ಕೇಳ್ತು. ಮಲ್ಲಿಕಾರ್ಜುನ ಬಿದ್ದಿದ್ದು ಲಾರಿಯಿಂದ ಚೀಲ ಒಗೆದಂಗಿತ್ತು. ಈ ಹುಡುಗಿದು ಮಾತ್ರ ಕೇಳ್ಲಿಲ್ಲ. ಏನಾತೋ ಅಂತ ಗಾಬರಿ ಆಗಿ ಎದ್ದೆ."

ಗುರುಪ್ರಕಾಶರಿಗೆ ಮೊಮ್ಮಗನ ಬಗ್ಗೆ ಆಡಿದ ಮಾತು ಚುಚ್ಚಿತು. "ನಿದ್ದೆ ಬಂದಿರಲಿಲ್ಲ ಅನ್ನೋದಕ್ಕೆ ಸಾಕ್ಷಿ ಏನ್ರೀ? ಗೊರಕೆ ನಾವೆಲ್ಲ ಕೇಳಿದೀವಿ. ಮೈಕಿನಲ್ಲೂ ಬಂದಿದೆ."

"ಅದು ಇವರದಲ್ಲ," ಎಂದು ರಾಜೇಶ್ವರಮ್ಮ ಎದ್ದು ನಿಂತರು. "ನಮ್ಮ ಮಾವನವರದು. ಇವರದ್ದು ಹಿಂಗಿರಲ್ಲ. ಇವರದ್ದು ಒಲೆ ಮೇಲೆ ಅಂಬಲಿ ಕುದ್ದಂಗಿರ್ತತಿ."

ಇದಕ್ಕೆ ಎದುರು ಹೇಳುವ ಯೋಗ್ಯತೆ ಅಲ್ಲಿದ್ದ ಯಾರಿಗೂ ಇರಲಿಲ್ಲ. ಸ್ವಲ್ಪ ಹೊತ್ತು ಗುಜುಗುಜು ನಡೆಯಿತು. ಎಚ್ಚರವಿದ್ದವನನ್ನು ಎಚ್ಚರಗೊಳಿಸಲು ಆಗುವುದಿಲ್ಲ, ಆದ್ದರಿಂದ ಅಶ್ವಿನಿ ಫೇಲಾಗಿಲ್ಲ ಎಂದು ತೀರ್ಥೇಶ ವಾದಿಸಿದ. ಎಚ್ಚರವಿದ್ದವನಿಗೂ ಕೇಳಿಸದ ಹಾಗೆ ಇಳಿದದ್ದರಿಂದ ಅವಳು ಪಾಸಿಗಿಂತ ಮೇಲೆ ಎಂದೂ ಸೇರಿಸಿದ. ಉಳಿದವರು ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಬರಬೇಕು ಎಂದು ತೀರ್ಮಾನವಾಯಿತು.

"ಒಬ್ಬಳೇ ಪಾಸು ಅಂದ್ರೆ ಫಸ್ಟ್ ಅಂತ ಅಲ್ಲೇನ್ರೀ?" ಎಂದು ಮಮತಾ ಕೇಳಿದಳು.

"ಹೌದಮ್ಮ, ಫಸ್ಟ್," ಎಂದರು ಗುರುಪ್ರಕಾಶ್, ಮೈಕು ದೂರ ಇಟ್ಟು.

"ಅದನ್ನ ಮೈಕಿನಲ್ಲಿ ಹೇಳ್ರಿ."

ಅವರು ಹೇಳಿದರು. ಮಮತಾ ಚೀಲ ಕೆಳಗಿಟ್ಟು ಮೊದಲ ಸಾಲಿನ ಕುರ್ಚಿಗೆ ಬಂದು ಕೂತಳು. ಹುಚ್ಚರಾಯಪ್ಪನವರು ತಮ್ಮ ಶಾಲು ಬಿಚ್ಚಿ ಅಶ್ವಿನಿಗೆ ಹೊದಿಸಿದರು. ಅದು ಅವಳ ಪಾದದವರೆಗೂ ಬಂತು. ಬೆವರಿಗೆ ಒದ್ದೆಯಾಗಿತ್ತು ಕೂಡ. ಅವಳು ಅದನ್ನು ಎತ್ತಿ ಹಿಡಿದುಕೊಂಡು ಮತ್ತೊಂದು ಸಲ ಗೋಡೆಯ ಕಡೆಗೆ ಹೊರಟಳು. ಫೋಟೋದವನು ಅವಳು ಹಾರಿದ್ದನ್ನು ನೋಡಿರಲಿಲ್ಲವಂತೆ.

ಹುಚ್ಚರಾಯಪ್ಪನವರು ಈಗ ಭಾನುವಾರ ಮಧ್ಯಾಹ್ನ ಗೋಡೆಗೆ ಬೆನ್ನು ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಹಾರಿದವರ ಸದ್ದು ಕೇಳಿದರೆ ತಿರುಗಿ ನೋಡದೆ ಅವರ ಹೆಸರು ಹೇಳುತ್ತಾರೆ, ಕೇಳದಿದ್ದರೆ ಸುಮ್ಮನಿರುತ್ತಾರೆ. ಮಲಗುವುದನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದಾರೆ.