ಕಷಾಯ ಸಪ್ಪಗಿದ್ದರೆ

ಇವತ್ತು ಬೆಳಿಗ್ಗೆ ನನಗೂ ಮಗಳಿಗೂ ನೆಗಡಿಯೆಂದು ಕಷಾಯ ಕಾಸಿದೆ. ಒಂದು ಗುಟುಕು ಕುಡಿದ ಮಗಳು, "ಯವ್ವಾ, ಸಪ್ಪಗ ಐತಲ್ಲ" ಅಂದಳು. ನಿಮಗೆ ಇದು ಸಣ್ಣ ಮಾತು ಅನ್ನಿಸಬಹುದು. ಕೊರೊನಾ ಕಾಲದಲ್ಲಿ ನಮ್ಮ ಮನೆಯವರೂ, ಇವಳಪ್ಪ, ಇದೇ ಮಾತು ಅಂದಿದ್ದರು.

ಆಗ ನಮ್ಮೂರು ನರ್ವದಲ್ಲಿ ಯಾರ ಬಾಗಿಲ ಮುಂದೆ ಹಾದರೂ ಶುಂಠಿ, ಮೆಣಸು, ಅಜವಾನದ ವಾಸನೆ. ನಾವು ಕುರಿ ಸಾಕುವ ಮನೆತನದವರು. ನಮ್ಮ ಕಷಾಯಕ್ಕೆ ಬೀರಪ್ಪನ ಗುಡಿಯ ಅರಿಶಿನ, ಅಂದರೆ ಭಂಡಾರ, ಒಂದು ಚಿಟಿಕೆ ಬೀಳಲೇಬೇಕು. ಭಂಡಾರ ಬಿದ್ದ ಮೇಲೆ ಅದು ದೇವರದು. ಕಾಯಿಲೆಯವರು ಕುಡಿಯುವ ಮೊದಲು ಬೇರೆಯವರು ಎಂಜಲು ಮಾಡುವಂತಿಲ್ಲ. ಭಂಡಾರವೊಂದನ್ನು ಬಿಟ್ಟು ನಮಗೆ ಎಲ್ಲದರ ಮೇಲೂ ಸಂಶಯ: ಕೆಮ್ಮಿದವರ ಮೇಲೆ, ಸೂಜಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ದವಾಖಾನೆಯ ಮೇಲೆ. "ಅಲ್ಲಿಗೆ ಹೋದೋರ ಮಖ ಮನಿ ಮಂದಿಗೂ ತೋರ್ಸಂಗಿಲ್ಲಂತ. ನಾ ಒಲ್ಲೆ" ಅನ್ನುತ್ತಿದ್ದರು ಅವರು.

ಮೈ ಕಾದಿದ್ದ ಒಂದು ಬೆಳಿಗ್ಗೆ ಕಷಾಯ ಕುಡಿದು ಮುಖ ಸಿಂಡರಿಸಿದರು. "ಖಾರಿಲ್ಲ, ವಾಸನಿಲ್ಲ. ನಿಮ್ಮಪ್ಪನ ಮನ್ಯಾಗ ಮೆಣಸು ಕಂಡಿದ್ರೋ ಇಲ್ಲೋ?"

"ಮುಷ್ಟಿ ತುಂಬ ಹಾಕೀನ್ರೀ."

"ಹಂಗಾರ ಆ ವೀರಣ್ಣ ಪಪ್ಪಾಯಿ ಬೀಜ ಕಲಸ್ಯಾನ. ಹೋಗಿ ಕೇಳು."

ಭಂಡಾರ ಬಿದ್ದದ್ದೆಂದು ನಾನು ರುಚಿ ನೋಡಿರಲಿಲ್ಲ; ನನಗೂ ನಿಜವೆನ್ನಿಸಿತು. ಮೂಗಿಗೆ ಸೆರಗು ಕಟ್ಟಿಕೊಂಡು ವೀರಣ್ಣನ ಕಿರಾಣಿ ಅಂಗಡಿಗೆ ಜಗಳಕ್ಕೆ ಹೋದೆ. ಆತ ಲೋಟದ ನೀರಿಗೆ ಕಾಳು ಸುರಿದ. "ನೋಡ್ ಯಕ್ಕಾ, ಪಪ್ಪಾಯಿ ಬೀಜ ಇದ್ರ ತೇಲತಾವ. ಒಂದರ ತೇಲ್ತೇನು?" ಎಲ್ಲವೂ ತಳ ಸೇರಿದ್ದವು. ಆಗ ನನಗೆ ನೀರಿನ ಮೇಲೆಯೇ ಸಂಶಯ ಬಂತು. ಮಕ್ತಲ್‌ನಿಂದ ಬೇರೆ ಮೆಣಸು ತರಿಸಿದೆ. ಅದೂ ಅವರಿಗೆ ಸಪ್ಪಗೇ ಆಯಿತು.

ರುಚಿ, ವಾಸನೆ ಹೋಗುವುದೂ ಆ ರೋಗದ ಗುರುತೆಂದು ತಿಳಿಯುವಷ್ಟರಲ್ಲಿ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಗದ್ವಾಲಿನ ದವಾಖಾನೆಗೆ ಕರೆದೊಯ್ಯುವಾಗ, ಜುರಾಲಾ ಅಣೆಕಟ್ಟೆಯ ಮೇಲೆ, ನನ್ನ ಕೈ ಹಿಡಿದು "ಆ ವೀರಣ್ಣನ್ನ ಬಿಡಬ್ಯಾಡ" ಅಂದರು. ಆಮೇಲೆ ಅವರು ಮಾತಾಡಲಿಲ್ಲ. ಮನೆಗೂ ಬರಲಿಲ್ಲ.

ಇವತ್ತು ಮಗಳ ಹಣೆ ಮುಟ್ಟಿ ನೋಡಿ, ನನ್ನ ಲೋಟದ ಕಷಾಯ ಕುಡಿದೆ. ನನಗೂ ಸಪ್ಪಗಿತ್ತು. ಇಬ್ಬರಿಗೂ ಆ ರೋಗವೇ ಬಂತೇನೋ ಅಂದುಕೊಂಡೆ. ಆಗ ಒರಳಿನ ಕಡೆ ಕಣ್ಣು ಹೋಯಿತು. ವೀರಣ್ಣನ ಅಂಗಡಿಯಿಂದ ತಂದು ಕುಟ್ಟಿದ ಮೆಣಸು ಹಾಗೆಯೇ ಉಳಿದಿತ್ತು; ಹಾಕುವುದನ್ನೇ ಮರೆತಿದ್ದೆ. ಆದರೂ ನಂಬಿಕೆ ಬರಲಿಲ್ಲ. ಒಂದು ಚಿಟಿಕೆ ನನ್ನ ನಾಲಿಗೆಗೆ ಇಟ್ಟುಕೊಂಡೆ. ಉರಿದು ಕಣ್ಣಲ್ಲಿ ನೀರು ಬಂತು. "ಬಾಯಿ ತಗಿ" ಎಂದು ಮಗಳ ನಾಲಿಗೆಗೂ ಇಟ್ಟೆ.

"ಯವ್ವಾ, ನನ್ನ ಕೊಲ್ತೀಯೇನು!" ಎಂದು ಅವಳು ನೀರಿಗೆ ಓಡಿದಳು.

ನಾನು ಅಲ್ಲೇ ಒಲೆಯ ಮುಂದೆ ಕುಳಿತೆ. "ವೀರಣ್ಣನ ಮೆಣಸು ಚಲೋ ಅದಾವ್ರೀ" ಎಂದೆ, ಅವರಿಗೆ.